ಮನೆ ಬದಲಾಯಿಸುವವರ ಲೆಕ್ಕವೂ ಗಂಟುಮೂಟೆಯೂ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಈ ಎರಡು ಕಾರ್ಯಗಳಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಹಣವು ಕೈಬಿಟ್ಟು ಹೋಗುವದೆಂಬದೇ ಅದರ ಅರ್ಥವಷ್ಟೆ. ಈ ಗಾದೆಗೆ ಮೂರನೆಯ ಮಾತೊಂದನ್ನು ಕೂಡಿಸಿದರೆ ತಪ್ಪಾಗಲಾರದು. ಅದೇನಂದರೆ, ಮನೆ ಬಿಟ್ಟು ನೋಡು ಎಂಬದು. ಯಾಕಂದರೆ ಸುಗ್ಗಿ ಮುಗಿದ ಮೇಲೆಯೂ ಶಾಲೆ ತೆರೆಯುವ ಕಾಲಕ್ಕೆ ಮುಂಚೆಯೂ ನಮ್ಮ ಹಳ್ಳಿಗಳಿಂದ ವರುಷ ವರುಷವೂ ಅನೇಕ ಕುಟುಂಬಗಳು ಪಟ್ಟಣಗಳಿಗೆ ಹೊರಡುತ್ತವೆ. ಒಬ್ಬನಿಗೆ ಕೆಲಸ ಸಿಕ್ಕಿರುತ್ತದೆ; ಇನ್ನೊಬ್ಬನಿಗೆ ಮಳೆ ತಪ್ಪಿ ಹೊಲದಲ್ಲಿ ಏನೂ ಉಳಿದಿರುವದಿಲ್ಲ; ಮತ್ತೊಬ್ಬನಿಗೆ ಮಕ್ಕಳ ಓದಿನ ಚಿಂತೆ. ಹೊರಡುವದಕ್ಕೆ ಕಾರಣಗಳು ಒಳ್ಳೆಯವೇ. ಆದರೂ ಹೋದ ಮೂರು ತಿಂಗಳೊಳಗೆ ಸಾಲದಲ್ಲಿ ಸಿಕ್ಕಿಬಿದ್ದ ಕುಟುಂಬಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದಕಾರಣ ಈ ತಿಂಗಳ ಪಾಠದಲ್ಲಿ ಮನೆ ಬದಲಾಯಿಸುವವರು ಹಣವನ್ನು ಹೇಗೆ ಲೆಕ್ಕ ಮಾಡತಕ್ಕದ್ದು, ಸಾಮಾನುಗಳನ್ನು ಹೇಗೆ ಕಟ್ಟತಕ್ಕದ್ದು ಎಂಬದನ್ನು ವಿಚಾರಿಸೋಣ.

ಈ ಪಾಠದ ಸಾರವನ್ನು ಮೊದಲೇ ಹೇಳುತ್ತೇವೆ. ಮನೆ ಬದಲಾಯಿಸುವವನ ಹಣವು ಹೊರಡುವ ದಿನದಲ್ಲಿ ತೀರುವದಿಲ್ಲ. ಹೋಗಿ ಸೇರಿದ ಮೇಲಿನ ಮೊದಲ ನಾಲ್ವತ್ತು ದಿನಗಳಲ್ಲಿ ತೀರುವದು. ಹೀಗಿರಲಾಗಿ ಗಂಟು ಕಟ್ಟುವದಕ್ಕೆ ಮುಂಚೆ ಆ ನಾಲ್ವತ್ತು ದಿನಗಳ ಹಣವನ್ನು ಬೇರೆ ಕಟ್ಟಿಡಬೇಕು.

೧. ನಾವು ಮಾಡಿದ ತಪ್ಪು

ಇತರರಿಗೆ ಬುದ್ಧಿ ಹೇಳುವವರು ಮೊದಲು ತಮ್ಮ ತಪ್ಪನ್ನು ಒಪ್ಪಿಕೊಳ್ಳುವದು ನ್ಯಾಯ. ಸುಮಾರು ಹನ್ನೆರಡು ವರುಷಗಳ ಹಿಂದೆ ನಾವು ಹೆಂಡತಿ ಮಕ್ಕಳೊಡನೆ ಒಂದು ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ ಹೊರಟೆವು. ಕೈಯಲ್ಲಿದ್ದ ಹಣದಲ್ಲಿ ಹೊಸ ಮನೆಯ ಮುಂಗಡವನ್ನೂ ಗಾಡಿಯ ಬಾಡಿಗೆಯನ್ನೂ ಕಳೆದು ನೋಡಿ, ಉಳಿದದ್ದು ಧಾರಾಳವಾಗಿದೆಯೆಂದು ತಿಳಿದು, ಒಂದು ಕಬ್ಬಿಣದ ಬೀರುವನ್ನು ಕೊಂಡೆವು. ನಮ್ಮ ಮನೆಯವರು, "ಅಂಗಡಿಯವರ ಬಾಕಿ ೧,೮೫೦ ರೂಪಾಯಿ ಇದೆಯಲ್ಲಾ ರೀ, ಅದನ್ನು ಕೊಟ್ಟು ಹೋಗೋಣ, ಬೀರು ಆಮೇಲೆ ಕೊಂಡರಾಯಿತು" ಎಂದರು. "ಮೊದಲ ಸಂಬಳ ಬಂದ ಕೂಡಲೇ ಕಳುಹಿಸಿಬಿಡೋಣ" ಎಂದು ನಾವು ಉತ್ತರ ಕೊಟ್ಟೆವು.

ಮೂರನೆಯ ವಾರದಲ್ಲಿ ಕಿರಿಯ ಮಗುವಿಗೆ ಜ್ವರ ಹತ್ತಿತು. ಸಂಬಳ ಬರುವದಕ್ಕೆ ಇನ್ನೂ ಎರಡು ವಾರವಿತ್ತು. ಹೊಸ ಊರಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ. ಬೀದಿಯ ಕೊನೆಯಲ್ಲಿ ಬಡ್ಡಿಗೆ ಹಣ ಕೊಡುವ ಒಬ್ಬರಿಂದ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಬಡ್ಡಿಯಂತೆ ೧೦,೦೦೦ ರೂಪಾಯಿ ತಂದೆವು. ಮಗು ಗುಣವಾಯಿತು, ಸಾಲವು ಗುಣವಾಗಲಿಲ್ಲ. ಅಸಲನ್ನು ತೀರಿಸುವದಕ್ಕೆ ಹತ್ತು ತಿಂಗಳು ಹಿಡಿಯಿತು. ಬಡ್ಡಿಯೆಂದೇ ೩,೦೦೦ ರೂಪಾಯಿ ಹೋಯಿತು. ಆ ಬೀರುವನ್ನು ಅರ್ಧ ಬೆಲೆಗೆ ಮಾರಿದೆವು.

ಇಷ್ಟಕ್ಕೇ ಮುಗಿಯಲಿಲ್ಲ. ಐದು ತಿಂಗಳಾದ ಮೇಲೆ ಒಂದು ಮದುವೆಗಾಗಿ ಆ ಹಳ್ಳಿಗೆ ಹೋಗಬೇಕಾಯಿತು. ಅಂಗಡಿಯ ಬೀದಿಯಲ್ಲಿ ನಡೆಯುವ ಧೈರ್ಯವಿಲ್ಲದೆ ಕೆರೆಯ ಏರಿಯ ಮೇಲೆ ಸುತ್ತಿಕೊಂಡು ಹೋದೆವು. ಅಂಗಡಿಯವರು ಅಂದು ಕೆರೆಯ ಮೆಟ್ಟಲಲ್ಲಿಯೇ ಕಾಲು ತೊಳೆಯುತ್ತಿದ್ದರು. ನಮ್ಮನ್ನು ನೋಡಿ, "ಏನು ಉಪದೇಶಿಗಳೇ, ಬೀದಿಗಿಂತ ಏರಿಯ ದಾರಿಯೇ ಹತ್ತಿರವಾಯಿತೋ?" ಎಂದು ಕೇಳಿದರು. ಹಣದ ಮಾತೆತ್ತಲಿಲ್ಲ. ನಮಗೆ ತಲೆ ಎತ್ತುವದಕ್ಕಾಗಲಿಲ್ಲ. ಏಳು ವರುಷ ಆ ಊರಲ್ಲಿ ನಾವು ಹೇಳಿದ ಮಾತುಗಳೆಲ್ಲವೂ ಆ ೧,೮೫೦ ರೂಪಾಯಿಗೆ ಅಡವಾಗಿ ಹೋದಂತೆ ತೋಚಿತು. ಮುಂದಿನ ತಿಂಗಳು ಬೇರೆ ಖರ್ಚನ್ನು ನಿಲ್ಲಿಸಿ ಆ ಬಾಕಿಯನ್ನು ನಾವೇ ಹೋಗಿ ಕೊಟ್ಟು ಬಂದೆವು. ನಿಮಗೆ ಈ ಅವಮಾನ ಬಾರದಿರಲೆಂದೇ ಈ ಪಾಠವನ್ನು ಬರೆಯುತ್ತಿದ್ದೇವೆ.

೨. ಲೆಕ್ಕವನ್ನು ಕಟ್ಟುವ ಕ್ರಮ

ಹೊರಡುವದಕ್ಕೆ ಎರಡು ತಿಂಗಳು ಮುಂಚೆ ಒಂದು ಎರಡು ಆಣೆಯ ಪುಸ್ತಕದಂಥ ಚಿಕ್ಕ ನೋಟುಪುಸ್ತಕವನ್ನು ತಕ್ಕೊಳ್ಳಿರಿ. ಗಂಡ ಹೆಂಡತಿ ಇಬ್ಬರೂ ಕೂತು ಬರೆಯಬೇಕು. ಒಬ್ಬರೇ ಬರೆದ ಲೆಕ್ಕದಲ್ಲಿ ಅರ್ಧ ಮನೆ ಮರೆತು ಹೋಗುತ್ತದೆ. ಉದಾಹರಣೆಗೆ, ತಿಂಗಳಿಗೆ ೧೪,೦೦೦ ರೂಪಾಯಿ ಸಂಬಳದ ಕಾವಲುಗಾರನ ಕೆಲಸಕ್ಕೆ ಪಟ್ಟಣಕ್ಕೆ ಹೋಗುವ ಒಂದು ಕುಟುಂಬವನ್ನು ಭಾವಿಸೋಣ. ಕೂಡಿಟ್ಟ ಹಣ ೨೨,೦೦೦. ಹಸುವನ್ನು ಮಾರಿದ್ದರಿಂದ ಬಂದದ್ದು ೩೮,೦೦೦. ಒಟ್ಟು ೬೦,೦೦೦ ರೂಪಾಯಿ. ಊರೂರಿಗೆ ದರಗಳು ಬೇರೆ ಬೇರೆಯಾಗಿರುವದರಿಂದ ಅಂಕೆಗಳನ್ನಲ್ಲ, ಕ್ರಮವನ್ನು ಗಮನಿಸಿರಿ.

ಹೊಸ ಮನೆಯ ಮುಂಗಡ — ೨೦,೦೦೦
ಮೊದಲ ತಿಂಗಳ ಬಾಡಿಗೆ — ೪,೦೦೦
ಟೆಂಪೊ ಗಾಡಿಯ ಬಾಡಿಗೆ — ೫,೦೦೦
ಏರಿಸುವ ಇಳಿಸುವ ಕೂಲಿ — ೧,೫೦೦
ಹಳೆಯ ಊರಿನ ಅಂಗಡಿ ಬಾಕಿ, ಸಂಘದ ಸಾಲ — ೮,೦೦೦
ಗ್ಯಾಸಿನ ಠೇವಣಿ, ಶಾಲೆಯ ಪುಸ್ತಕ, ಬೀಗ ಬಲ್ಬು ಮುಂತಾದ ಚಿಲ್ಲರೆ — ೪,೫೦೦
ಒಟ್ಟು — ೪೩,೦೦೦
ಉಳಿಕೆ — ೧೭,೦೦೦

ಈಗ ನೋಡಿರಿ. ನಾವು ಮಾಡಿದಂತೆ ಮುಂಗಡವನ್ನೂ ಗಾಡಿಯನ್ನೂ ಮಾತ್ರ ಕಳೆದವನಿಗೆ ೩೫,೦೦೦ ರೂಪಾಯಿ ಉಳಿದಂತೆ ಕಾಣುವದು. ಪೂರ್ತಿಯಾಗಿ ಕಳೆದವನಿಗೆ ಅದರ ಅರ್ಧವೂ ಉಳಿಯುವದಿಲ್ಲ. ಬೀರು, ಮಂಚ, ಟೀವಿ ಇವೆಲ್ಲವನ್ನು ಕೊಳ್ಳುವದು ಆ ಕಾಣುವ ಹಣದಿಂದಲೇ. ತೊಂದರೆಪಡುವದು ಇಲ್ಲದ ಹಣದಿಂದ.

ಉಳಿದ ೧೭,೦೦೦ವೂ ಸ್ವತಂತ್ರವಾದದ್ದಲ್ಲ. ತಿಂಗಳ ಮೊದಲನೆಯ ತಾರೀಖಿನಲ್ಲಿ ಕೆಲಸಕ್ಕೆ ಸೇರಿದವನಿಗೆ ಮೊದಲ ಸಂಬಳವು ಅನೇಕ ಕಡೆಗಳಲ್ಲಿ ಮುಂದಿನ ತಿಂಗಳ ಏಳು ಎಂಟನೆಯ ತಾರೀಖಿಗೆ ಕೈಸೇರುವದು. ಅಂದರೆ ಸುಮಾರು ನಾಲ್ವತ್ತು ದಿನ. ದಿನಕ್ಕೆ ೩೦೦ ರೂಪಾಯಿ ಖರ್ಚಾದರೆ ನಾಲ್ವತ್ತು ದಿನಕ್ಕೆ ೧೨,೦೦೦ ಬೇಕು. ಇದನ್ನು ಬೇರೆ ಚೀಲದಲ್ಲಾಗಲಿ ಅಂಚೆ ಕಚೇರಿಯ ಇಲ್ಲವೆ ಬ್ಯಾಂಕಿನ ಖಾತೆಯಲ್ಲಾಗಲಿ ಇಡತಕ್ಕದ್ದು. ಮಿಕ್ಕ ೫,೦೦೦ ಕಾಯಿಲೆಗೂ ಅಕಸ್ಮಾತ್ತಿಗೂ ಮೀಸಲು. ಇದನ್ನು ಮುಟ್ಟುವದಕ್ಕೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕೆಂದು ಮೊದಲೇ ಮಾತಾಡಿಕೊಳ್ಳಿರಿ.

ದಿನದ ಖರ್ಚನ್ನು ಎಣಿಸುವಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. ಹಳ್ಳಿಯಲ್ಲಿ ದುಡ್ಡಿಲ್ಲದೆ ಬರುತ್ತಿದ್ದ ಎಷ್ಟೋ ವಸ್ತುಗಳಿಗೆ ಪಟ್ಟಣದಲ್ಲಿ ದುಡ್ಡು ಕೊಡಬೇಕು. ಸೌದೆ, ಹಿತ್ತಲಿನ ಸೊಪ್ಪು ಕಾಯಿ, ಮನೆಯ ಹಸುವಿನ ಹಾಲು ಮಜ್ಜಿಗೆ, ಬಾವಿಯ ನೀರು, ನೆರೆಯವರು ಕೊಡುವ ಒಂದು ಸೇರು ಜೋಳ, ಇವು ಯಾವವೂ ನಮ್ಮ ಹಳೆಯ ಲೆಕ್ಕದಲ್ಲಿ ಇರುವದಿಲ್ಲ. ಆದಕಾರಣ ಹಳ್ಳಿಯ ಖರ್ಚನ್ನು ನೋಡಿ ಪಟ್ಟಣದ ಖರ್ಚನ್ನು ಅಳೆಯಕೂಡದು. ಅಲ್ಲಿ ವಾಸಿಸುವ ನಂಟರನ್ನು ಕೇಳಿ ಒಂದೊಂದನ್ನೂ ಬರಕೊಳ್ಳಿರಿ.

೩. ಹಳೆಯ ಊರಿನ ಬಾಕಿಗಳು

ಹೊರಡುವವರು ಮೂರು ವಿಧವಾದ ಬಾಕಿಗಳನ್ನು ತೀರಿಸಬೇಕು. ಮೊದಲನೆಯದು, ಅಂಗಡಿ, ಗಿರಣಿ, ಹಾಲಿನ ಮನೆ ಮುಂತಾದ ಕೈಬದಲು. ಎರಡನೆಯದು, ಮಹಿಳಾ ಸಂಘದ ಸಾಲ. ಸಂಘದಲ್ಲಿ ಒಬ್ಬಳು ಕಟ್ಟದೆ ಹೋದರೆ ಆ ಭಾರವು ಮಿಕ್ಕ ಸಹೋದರಿಯರ ಮೇಲೆ ಬೀಳುವದು, ಮುಂದೆ ಬ್ಯಾಂಕು ಆ ಸಂಘಕ್ಕೆ ಸಾಲ ಕೊಡುವದಕ್ಕೆ ಹಿಂದೆಗೆಯುವದು. ಪೂರ್ತಿ ತೀರಿಸಲಾರದವಳು ಸಂಘದ ಕೂಟದಲ್ಲಿ ಎದ್ದು ನಿಂತು, ಇಂಥ ತಾರೀಖಿಗೆ ಇಷ್ಟು ಕಳುಹಿಸುತ್ತೇನೆಂದು ಹೇಳಿ ಪುಸ್ತಕದಲ್ಲಿ ಬರೆಯಿಸಲಿ. ಮೂರನೆಯದು, ಗ್ರಾಮ ಪಂಚಾಯತಿಯ ಮನೆ ಕಂದಾಯ, ನೀರಿನ ತೆರಿಗೆ, ವಿದ್ಯುತ್ತಿನ ಬಿಲ್ಲು. ಇವುಗಳ ರಸೀದಿಗಳನ್ನು ಕೈಬಿಡಬೇಡಿರಿ. ಊರಲ್ಲಿರುವ ಸ್ವಂತ ಮನೆಯನ್ನೂ ಹೊಲವನ್ನೂ ಅಣ್ಣತಮ್ಮಂದಿರಿಗೆ ಒಪ್ಪಿಸಿ ಹೋಗುವದಾದರೆ, ಫಸಲಿನಲ್ಲಿ ಯಾರಿಗೆ ಎಷ್ಟು ಪಾಲು, ಎಷ್ಟು ವರುಷದ ವರೆಗೆ ಎಂಬದನ್ನು ಇಬ್ಬರು ಹಿರಿಯರ ಮುಂದೆ ಬರೆದಿಡಿರಿ. ಪ್ರೀತಿ ಇರುವಾಗ ಬರೆದ ಕಾಗದವು ಪ್ರೀತಿಯನ್ನು ಕಾಯುತ್ತದೆ. ಜಗಳವಾದ ಮೇಲೆ ಯಾರೂ ಬರೆದು ಕೊಡುವದಿಲ್ಲ.

ನಿಮಗೆ ಇತರರು ಕೊಡಬೇಕಾದದ್ದನ್ನೂ ಆಗಲೇ ಕೇಳಿರಿ. ದನ, ಕೋಳಿ, ಹಳೆಯ ಮರ ಮುಂತಾದವುಗಳನ್ನು ಮಾರುವದಿದ್ದರೆ ಒಂದು ತಿಂಗಳು ಮುಂಚೆಯೇ ಮಾರಿರಿ. ನಾಳೆ ಹೊರಡುವವನು ಇಂದು ಮಾರುತ್ತಾನೆಂದು ಗೊತ್ತಾದರೆ ಕೊಳ್ಳುವವನು ಬೆಲೆ ಏರಿಸುವದಿಲ್ಲ, ಕಾಯುತ್ತಾನೆ.

೪. ಹೊಸ ಮನೆಯ ಕರಾರು

ಮನೆಯನ್ನು ನೋಡದೆ ಮುಂಗಡ ಕೊಡಬೇಡಿರಿ. ಬೆಳಿಗ್ಗೆ ನೀರು ಬರುವ ಹೊತ್ತಿನಲ್ಲಿ ಹೋಗಿ ನೋಡುವದು ಒಳ್ಳೇದು. ಬಾಡಿಗೆ ಎಷ್ಟು, ನೀರಿನ ಹಣ ಬೇರೆಯೋ, ವರುಷಕ್ಕೆ ಎಷ್ಟು ಏರಿಸುತ್ತಾರೆ, ಮನೆ ಬಿಡುವದಕ್ಕೆ ಎಷ್ಟು ದಿನ ಮುಂಚೆ ತಿಳಿಸಬೇಕು, ಬಿಡುವಾಗ ಸುಣ್ಣ ಬಣ್ಣಕ್ಕೆಂದು ಮುಂಗಡದಲ್ಲಿ ಎಷ್ಟು ಹಿಡಿಯುತ್ತಾರೆ ಎಂಬ ಐದು ಸಂಗತಿಗಳು ಕರಾರಿನಲ್ಲಿ ಇರಲೇಬೇಕು. ಕಡೆಯ ಸಂಗತಿಯು ಮುಖ್ಯವಾದದ್ದು. ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆಂದು ಹಿಡಿಯುವ ರೂಢಿ ನಮ್ಮ ಪಟ್ಟಣಗಳಲ್ಲಿ ಬಹಳವಾಗಿದೆ.

ಒಂದು ವರುಷಕ್ಕೆ ಮೀರಿದ ಅವಧಿಯ ಬಾಡಿಗೆ ಕರಾರನ್ನು ೧೯೦೮ನೆಯ ಇಸವಿಯ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಬೇಕಾಗಿರುವದರಿಂದ ಹೆಚ್ಚಿನವರು ಹನ್ನೊಂದು ತಿಂಗಳಿಗೆ ಮಾತ್ರ ಕರಾರು ಬರೆಯುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ; ಆದರೆ ಹನ್ನೊಂದು ತಿಂಗಳಾದ ಮೇಲೆ ಪುನಃ ಬರೆಯಿಸುವದನ್ನು ಮರೆಯಬಾರದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ತಕ್ಕೊಳ್ಳಬಾರದೆಂದು ಕೇಂದ್ರ ಸರಕಾರವು ೨೦೨೧ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ಹೇಳಿದೆ. ಅದು ಮಾದರಿ ಮಾತ್ರ. ಒಂದು ರಾಜ್ಯವು ಅದರಂತೆ ತನ್ನ ಕಾಯಿದೆಯನ್ನು ಮಾಡಿಕೊಂಡಲ್ಲಿಯೇ ನಡೆಯುವದು. ಆದರೂ ಮುಂಗಡದ ಚೌಕಾಸಿಯಲ್ಲಿ ಇದನ್ನು ವಿನಯವಾಗಿ ಹೇಳಬಹುದು. ಮುಂಗಡಕ್ಕೆ ರಸೀದಿ ಪಡೆಯದೆ ಬರಬೇಡಿರಿ. ಮನೆಯೊಳಗೆ ಕಾಲಿಟ್ಟ ದಿನವೇ ವಿದ್ಯುತ್ ಮೀಟರಿನ ಅಂಕೆಯನ್ನೂ ಗೋಡೆಯ ಬಿರುಕನ್ನೂ ಒಡೆದ ಗಾಜನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಡಿರಿ.

೫. ಕಾಗದಪತ್ರಗಳು

ಕಾಗದಗಳನ್ನೆಲ್ಲಾ ಒಂದೇ ಚೀಲದಲ್ಲಿಟ್ಟು ಆ ಚೀಲವನ್ನು ಗಾಡಿಯಲ್ಲಿ ಹಾಕದೆ ಮನೆಯ ತಾಯಿಯು ಮಡಿಲಲ್ಲಿ ಇಟ್ಟುಕೊಳ್ಳಲಿ. ಅದರಲ್ಲಿ ಇರತಕ್ಕವುಗಳು ಯಾವವಂದರೆ: ಆಧಾರ್ ಚೀಟಿಗಳು, ಪಡಿತರ ಚೀಟಿ, ಮತದಾರರ ಚೀಟಿ, ಬ್ಯಾಂಕು ಮತ್ತು ಅಂಚೆಯ ಪಾಸುಪುಸ್ತಕಗಳು, ಹೊಲದ ಪಹಣಿಯ ಪ್ರತಿ, ಮಕ್ಕಳ ಜನನ ಪತ್ರ, ಚುಚ್ಚುಮದ್ದಿನ ವಿವರವುಳ್ಳ ತಾಯಿ ಕಾರ್ಡು, ಶಾಲೆಯ ವರ್ಗಾವಣೆ ಪತ್ರ, ಕಂದಾಯದ ರಸೀದಿಗಳು, ಮತ್ತು ಹೊಸ ಊರಿನ ಸಭೆಗೆ ಇಲ್ಲಿನ ಸಭೆಯಿಂದ ಪಡೆದ ಪತ್ರ. ಹೊಸ ಊರಲ್ಲಿ ಮೊದಲು ಬಾಗಿಲು ತೆರೆಯುವವರು ಅನೇಕ ಸಾರಿ ಈ ಕಡೆಯ ಪತ್ರವನ್ನು ಓದಿದವರೇ.

ಪಡಿತರದ ವಿಷಯದಲ್ಲಿ ಭಯಪಡಬೇಡಿರಿ. ೨೦೧೯ರಲ್ಲಿ ಆರಂಭವಾಗಿ ೨೦೨೨ರೊಳಗೆ ಎಲ್ಲಾ ರಾಜ್ಯಗಳಿಗೂ ಹಬ್ಬಿದ "ಒಂದು ದೇಶ, ಒಂದು ಪಡಿತರ ಚೀಟಿ" ಎಂಬ ಏರ್ಪಾಡಿನಿಂದ, ಚೀಟಿಯಲ್ಲಿ ಹೆಸರುಳ್ಳವರು ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಿನ ಗುರುತು ಕೊಟ್ಟು ಧಾನ್ಯ ಪಡೆಯಬಹುದು. ಆಧಾರ್ ಜೋಡಣೆ ಸರಿಯಾಗಿದೆಯೋ ಎಂದು ಹೊರಡುವದಕ್ಕೆ ಮುಂಚೆ ನೋಡಿಕೊಳ್ಳಿರಿ.

ಶಾಲೆಯ ವಿಷಯದಲ್ಲಿಯೂ ಕಾಯಿದೆಯು ನಿಮ್ಮ ಪಕ್ಷದಲ್ಲಿದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ, ಎಂಟನೆಯ ತರಗತಿಯ ವರೆಗಿನ ಮಗುವು ಬೇರೆ ಸರಕಾರಿ ಶಾಲೆಗೆ ಹೋಗಬೇಕಾದರೆ ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡತಕ್ಕದ್ದು. ಆ ಪತ್ರ ತಡವಾಯಿತೆಂಬ ನೆವದಿಂದ ಹೊಸ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರಕೂಡದು. ಪತ್ರ ಬರಲಿ ಎಂದು ಮಗುವನ್ನು ಎರಡು ತಿಂಗಳು ಮನೆಯಲ್ಲಿ ಕೂಡ್ರಿಸಬೇಡಿರಿ. ಹಾಗೆ ಕೂತ ಮಕ್ಕಳು ಪುನಃ ಶಾಲೆಗೆ ಹೋಗದೆ ಕೂಲಿಗೆ ಹೋದದ್ದನ್ನು ನಾವು ನೋಡಿದ್ದೇವೆ.

ಅಡಿಗೆ ಗ್ಯಾಸು ಉಳ್ಳವರು ಬೇರೆ ಊರಿಗೆ ಹೋಗುವಾಗ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಹಳೆಯ ಏಜೆನ್ಸಿಗೆ ಒಪ್ಪಿಸಿ, ಠೇವಣಿಯನ್ನು ಹಿಂದಕ್ಕೆ ಪಡೆದು, ಅವರು ಕೊಡುವ ಚೀಟಿಯನ್ನು ಹೊಸ ಊರಿನ ಏಜೆನ್ಸಿಗೆ ತೋರಿಸಬೇಕು. ಒಲೆಯು ನಿಮ್ಮದೇ, ಅದನ್ನು ಒಯ್ಯಬಹುದು. ಗ್ಯಾಸಿನ ಸಿಲಿಂಡರನ್ನು ರೈಲಿನಲ್ಲಿ ಒಯ್ಯುವದು ಅಪರಾಧ. ಕರ್ನಾಟಕದಲ್ಲಿ ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿಯ ಸೌಲಭ್ಯ ಪಡೆಯುವವರು ಹಳೆಯ ಮನೆಯ ಮೀಟರಿನಿಂದ ತಮ್ಮ ಆಧಾರನ್ನು ಬಿಡಿಸಿ ಹೊಸ ಮನೆಯ ಮೀಟರಿಗೆ ಜೋಡಿಸಬೇಕು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಾಯಿಸುವದಕ್ಕೆ ನಮೂನೆ ೮ನ್ನು ಕೊಡಬೇಕು.

೬. ಗಂಟುಮೂಟೆ

ಮೊದಲು ಸಾಮಾನುಗಳನ್ನು ಮೂರು ಪಾಲು ಮಾಡಿರಿ: ಒಯ್ಯುವದು, ಮಾರುವದು, ಕೊಡುವದು. ಒಂದು ವರುಷದಿಂದ ಮುಟ್ಟದೆ ಇರುವ ವಸ್ತುವನ್ನು ಗಾಡಿಗೆ ದುಡ್ಡು ಕೊಟ್ಟು ಒಯ್ಯುವದರಲ್ಲಿ ಲಾಭವಿಲ್ಲ. ಪಟ್ಟಣದ ಎರಡು ಕೋಣೆಯಲ್ಲಿ ಹಳ್ಳಿಯ ಕಣಜಕ್ಕೆ ಸ್ಥಳವಿರುವದಿಲ್ಲ.

ಕಟ್ಟುವಾಗ ಈ ನಿಯಮಗಳನ್ನು ನೆನಪಿಡಿರಿ. ಭಾರವಾದದ್ದನ್ನು ಚಿಕ್ಕ ಚೀಲದಲ್ಲಿಯೂ ಹಗುರವಾದದ್ದನ್ನು ದೊಡ್ಡ ಚೀಲದಲ್ಲಿಯೂ ತುಂಬಿರಿ; ಒಬ್ಬನು ಎತ್ತಲಾರದ ಮೂಟೆಯು ಇಳಿಸುವಾಗ ಬಿದ್ದು ಒಡೆಯುವದು. ಕಾಳುಗಳನ್ನು ಎರಡು ದಿನ ಬಿಸಿಲಿಗೆ ಹಾಕಿ, ಆರಿದ ಮೇಲೆ ಚೀಲಕ್ಕೆ ತುಂಬಿರಿ. ತೇವವಿದ್ದರೆ ಹುಳ ಹಿಡಿಯುವದು. ಪಿಂಗಾಣಿ ಬಸಿಗಳನ್ನು ಒಂದರ ಮೇಲೊಂದು ಮಲಗಿಸದೆ, ನಡುವೆ ಹಳೆಯ ಬಟ್ಟೆಯಿಟ್ಟು ಅಂಚಿನ ಮೇಲೆ ನಿಲ್ಲಿಸಿರಿ. ಕನ್ನಡಿಯನ್ನೂ ಹಾಗೆಯೇ ನಿಲ್ಲಿಸಿ ಎರಡು ಹಾಸಿಗೆಗಳ ನಡುವೆ ಇಡಿರಿ. ದೊಡ್ಡ ಪಾತ್ರೆಯ ಹೊಟ್ಟೆಯಲ್ಲಿ ಚಿಕ್ಕ ಪಾತ್ರೆ, ಅದರ ಹೊಟ್ಟೆಯಲ್ಲಿ ಬಟ್ಟೆ. ಎಣ್ಣೆ, ಸೀಮೆಎಣ್ಣೆ, ಹುಳದ ಔಷಧ ಇವುಗಳನ್ನು ಕಾಳಿನ ಹತ್ತಿರ ಸೇರಿಸಲೇಕೂಡದು. ಮಚ್ಚು, ಈಳಿಗೆಮಣೆ ಇವುಗಳ ಬಾಯಿಗೆ ಗೋಣಿಯನ್ನು ಸುತ್ತಿ ಕಟ್ಟಿರಿ.

ಪ್ರತಿಯೊಂದು ಮೂಟೆಗೂ ಅಂಕೆ ಬರೆದು, ಯಾವ ಅಂಕೆಯಲ್ಲಿ ಏನಿದೆ ಎಂಬದನ್ನು ಅದೇ ನೋಟುಪುಸ್ತಕದಲ್ಲಿ ಬರಕೊಳ್ಳಿರಿ. ಏರಿಸುವಾಗ ಇಪ್ಪತ್ತಮೂರು ಇದ್ದರೆ ಇಳಿಸುವಾಗಲೂ ಇಪ್ಪತ್ತಮೂರು ಇರಬೇಕು. ಎಣಿಸುವ ಕೆಲಸವನ್ನು ಓದುಬರಹ ಬಲ್ಲ ಮಗುವಿಗೆ ಒಪ್ಪಿಸಿರಿ. ಅದು ಮಗುವಿಗೆ ಸಂತೋಷ, ನಿಮಗೆ ಸಹಾಯ. ರುಬ್ಬುವ ಕಲ್ಲು, ಟ್ರಂಕು ಮುಂತಾದ ಭಾರಗಳು ಗಾಡಿಯ ತಳದಲ್ಲಿ ಚಾಲಕನ ಬೆನ್ನ ಕಡೆಗಿರಲಿ. ಮೇಲೆ ತಾಡಪಾಲನ್ನು ಮುಚ್ಚಿ ಹಗ್ಗ ಬಿಗಿಯಿರಿ. ಗಾಡಿಯ ಬಾಡಿಗೆಯಲ್ಲಿ ಇಳಿಸುವ ಕೂಲಿ ಸೇರಿದೆಯೋ ಇಲ್ಲವೋ ಎಂಬದನ್ನು ಹೊರಡುವದಕ್ಕೆ ಮುಂಚೆ ಬಾಯಿಬಿಟ್ಟು ಕೇಳಿರಿ. ಹೊಸ ಮನೆಯ ಬಾಗಿಲಲ್ಲಿ ನಿಂತು ಚರ್ಚೆ ಮಾಡಿದರೆ ನೆರೆಯವರಿಗೆ ನಿಮ್ಮ ಮೊದಲ ಪರಿಚಯವು ಜಗಳದಿಂದಾಗುವದು.

ಕಡೆಗೆ, ಮೊದಲ ರಾತ್ರಿಯ ಗಂಟು. ಒಂದು ಪಾತ್ರೆ, ಅಕ್ಕಿ, ಬೇಳೆ, ಉಪ್ಪು, ಬೆಂಕಿಪೆಟ್ಟಿಗೆ, ಒಂದು ಬ್ಯಾಟರಿ, ಚಾಪೆ, ಹೊದಿಕೆ, ಮಕ್ಕಳ ಒಂದು ಜೊತೆ ಬಟ್ಟೆ, ಸೋಪು, ಕುಡಿಯುವ ನೀರು. ಇದು ಎಲ್ಲದರ ಕಡೆಗೆ ಏರಬೇಕು, ಎಲ್ಲಕ್ಕಿಂತ ಮೊದಲು ಇಳಿಯಬೇಕು. ಸಕ್ಕರೆ ರೋಗ, ರಕ್ತದ ಒತ್ತಡ, ಕ್ಷಯ ಇವುಗಳಿಗೆ ಔಷಧ ತಕ್ಕೊಳ್ಳುವವರು ಒಂದು ತಿಂಗಳ ಔಷಧವನ್ನೂ ವೈದ್ಯರ ಚೀಟಿಯನ್ನೂ ಈ ಗಂಟಿನಲ್ಲಿಯೇ ಇಡಲಿ. ಮನೆ ಬದಲಾಯಿಸಿದೆವೆಂದು ಔಷಧವನ್ನು ನಡುವೆ ನಿಲ್ಲಿಸಕೂಡದು.

೭. ಆ ನಾಲ್ವತ್ತು ದಿನಗಳು

ಹೋಗಿ ಸೇರಿದ ಮೇಲೆ ಮೊದಲ ಸಂಬಳ ಬರುವ ತನಕ ಹೊಸ ವಸ್ತು ಯಾವದನ್ನೂ ಕಂತಿನ ಮೇಲೆ ಕೊಳ್ಳಬೇಡಿರಿ. ಅಂಗಡಿಯವನು "ಬರಕೊಳ್ಳುತ್ತೇನೆ, ಒಯ್ಯಿರಿ" ಅಂದರೂ ಕೈಯಲ್ಲಿದ್ದ ಹಣಕ್ಕೇ ಕೊಳ್ಳಿರಿ. ಪ್ರತಿ ರಾತ್ರಿ ದಿನದ ಖರ್ಚನ್ನು ಬರೆದು, ೩೦೦ಕ್ಕೆ ಮೀರಿದರೆ ಮರುದಿನ ಹಿಡಿಯಿರಿ. ಸಂಬಳ ಬಂದ ದಿನ ಮೊದಲು ಬಾಡಿಗೆಯ ೪,೦೦೦ವನ್ನೂ ತಿಂಗಳ ಖರ್ಚಿನ ೯,೦೦೦ವನ್ನೂ ಬೇರೆ ಬೇರೆ ತೆಗೆದಿಟ್ಟರೆ ೧,೦೦೦ ಉಳಿಯುವದು. ಅದು ಚಿಕ್ಕದೆಂದು ಎಣಿಸಬೇಡಿರಿ. ಹನಿಗೂಡಿದರೆ ಹಳ್ಳವಲ್ಲವೇ? ಹನ್ನೆರಡು ತಿಂಗಳಾದ ಮೇಲೆ ಬೀರುವನ್ನು ಸಾಲವಿಲ್ಲದೆ ಕೊಳ್ಳಬಹುದು. ಆಗ ಅದು ನಿಜವಾಗಿ ನಿಮ್ಮದಾಗಿರುವದು.

ನಾವು ಈಗ ಪುನಃ ಊರು ಬದಲಾಯಿಸುವ ಹೊತ್ತಾಗಿದೆ. ಈ ಸಾರಿ ನೋಟುಪುಸ್ತಕದ ಮೊದಲ ಸಾಲನ್ನು ನಮ್ಮ ಮನೆಯವರೇ ಬರೆದಿದ್ದಾರೆ: ಅಂಗಡಿಯ ಬಾಕಿ. ಅದನ್ನು ಕಳೆದ ವಾರ ತೀರಿಸಿ ರಸೀದಿಯನ್ನು ಚೀಲದಲ್ಲಿಟ್ಟೆವು. ಮೂಟೆಗಳನ್ನು ಇನ್ನೂ ಕಟ್ಟಿಲ್ಲ. ಆದರೆ ಮನಸ್ಸಿನ ಭಾರವು ಆಗಲೇ ಇಳಿದಿದೆ. ಬಿಟ್ಟು ಬರುವ ಊರಿನ ಬೀದಿಯಲ್ಲಿ ಮುಂದೆ ಎಂದಾದರೂ ತಲೆಯೆತ್ತಿ ನಡೆಯುವಂತೆ ನೀವೂ ಹೊರಡಿರಿ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಮನೆ ಬದಲಾಯಿಸುವವನ ಹಣವು ಯಾವಾಗ ತೀರುವದು? ಯಾಕೆ?
೨. ಹಳ್ಳಿಯಲ್ಲಿ ದುಡ್ಡಿಲ್ಲದೆ ನಿಮಗೆ ಬರುವ ವಸ್ತುಗಳು ಯಾವವು? ಅವುಗಳನ್ನು ಬರೆದು ಎಣಿಸಿರಿ.
೩. ಸಂಘದ ಸಾಲವನ್ನು ತೀರಿಸದೆ ಹೋಗುವದರಿಂದ ಯಾರಿಗೆ ನಷ್ಟ?
೪. ಬಾಡಿಗೆ ಕರಾರಿನಲ್ಲಿ ಇರಬೇಕಾದ ಐದು ಸಂಗತಿಗಳನ್ನು ಹೇಳಿರಿ.
೫. ವರ್ಗಾವಣೆ ಪತ್ರವು ತಡವಾದರೆ ಮಗುವನ್ನು ಏನು ಮಾಡತಕ್ಕದ್ದು?
೬. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ೫,೦೦೦ ರೂಪಾಯಿಗೆ ಒಂದು ವರುಷದ ಬಡ್ಡಿ ಎಷ್ಟಾಗುವದು?